ಬೆಳಕು ಆರಿಸಿದ ಮೇಲೆ ಕಂಡದ್ದು

(ಸಂಘದ ವಾರ್ಷಿಕೋತ್ಸವದ ದಿನ ಆಡಿದ ಮಾತು. ಬರೆದುಕೊಡಿ ಅಂತ ಸಂಪಾದಕರು ಕೇಳಿದ್ದರಿಂದ, ಅವತ್ತು ಹೇಳಲು ಮರೆತ ಒಂದೆರಡು ವಿಷಯ ಸೇರಿಸಿ ಬರೆದಿದ್ದೇನೆ.)



ನನಗೆ ಭಾಷಣ ಬರಲ್ಲ. ಡಿಬಿ ಬಾಕ್ಸ್ ಮುಂದೆ ನಿಲ್ಲಿಸಿದರೆ ಕೈ ನಡುಗಲ್ಲ, ಮೈಕ್ ಮುಂದೆ ನಡುಗ್ತಾ ಇದೆ. ನಾನು ರಾಣೇಬೆನ್ನೂರು ತಾಲ್ಲೂಕಿನವನು. ಸರ್ಕಾರಿ ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಟ್ರೇಡ್ ಮುಗಿಸಿದವನು. 2014ರಲ್ಲಿ ಅಬುಧಾಬಿಗೆ ಬಂದೆ, ಮುಸಫ್ಫಾದ ಕ್ಯಾಂಪಿನಲ್ಲಿದ್ದೇನೆ. ಹೊರಗಡೆ ಗೋಡೆಗೆ ಹಾಕಿರುವ 14 ಫೋಟೋ ನಾನು ತೆಗೆದದ್ದು. ಬೆಳಗ್ಗಿಂದ ಅದನ್ನು ನೋಡಿದವರೆಲ್ಲ ನನಗೆ ಮೂರೇ ಪ್ರಶ್ನೆ ಕೇಳಿದ್ದಾರೆ. ಕ್ಯಾಮೆರಾ ಎಷ್ಟು ಬಿತ್ತು? ರಾತ್ರಿ ಮರಳುಗಾಡಲ್ಲಿ ಭಯ ಆಗಲ್ವಾ? ಇದರಿಂದ ನಿನಗೆ ಏನು ಬರುತ್ತೆ? ಈ ಮೂರಕ್ಕೂ ಉತ್ತರ ಹೇಳಿ ಕೂತುಬಿಡ್ತೀನಿ. ಮೂರನೆಯದು ಸ್ವಲ್ಪ ಕಷ್ಟದ್ದು, ಅದನ್ನು ಕೊನೆಗೆ ಇಟ್ಟುಕೊಳ್ತೀನಿ.

ಮೊದಲು ಇದು ಹೇಗೆ ಶುರುವಾಯಿತು ಅಂತ ಹೇಳಬೇಕು. ಕೆಲವು ವರ್ಷದ ಹಿಂದೆ ನಮ್ಮನ್ನು ಮರಳುಗಾಡಿನ ನಡುವೆ ಹೋಗುವ ಒಂದು ರಸ್ತೆಗೆ ದೀಪ ಹಾಕುವ ಕೆಲಸಕ್ಕೆ ಕಳಿಸಿದ್ದರು. ಕೇಬಲ್ ಎಳೆಯೋದು, ಗ್ಲ್ಯಾಂಡ್ ಹಾಕೋದು, ಕಂಬದೊಳಗೆ ಟರ್ಮಿನೇಷನ್, ಆಮೇಲೆ ಮೆಗ್ಗರ್ ಟೆಸ್ಟ್. ಬೇಸಿಗೆಯಾದ್ದರಿಂದ ರಾತ್ರಿ ಪಾಳಿ. ಕಂಬ ಎಲ್ಲ ನಿಂತಿದ್ದವು, ಇನ್ನೂ ಕರೆಂಟ್ ಕೊಟ್ಟಿರಲಿಲ್ಲ. ಒಂದು ರಾತ್ರಿ ನಮ್ಮ ಜನರೇಟರ್ ಕೆಟ್ಟು ಕೆಲಸದ ದೀಪ ಪೂರ್ತಿ ಆರಿಹೋಯಿತು. ಮೆಕ್ಯಾನಿಕ್ ಬರುವ ತನಕ ಕೂತಿರಿ ಅಂತ ಫೋರ್‌ಮನ್ ಹೇಳಿದರು. ಮರಳ ಮೇಲೆ ಅಂಗಾತ ಬಿದ್ದುಕೊಂಡೆ. ಹತ್ತು ಹದಿನೈದು ನಿಮಿಷ ಆದ ಮೇಲೆ ಆಕಾಶದ ಮಧ್ಯೆ ಬಿಳಿ ಹೊಗೆಯಂಥದ್ದು ಕಂಡಿತು. ಮೋಡ ಅಂದುಕೊಂಡೆ. ಆಕಾಶಗಂಗೆ ಅಂತ ಹೊಳೆಯಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. ಚಿಕ್ಕವನಿದ್ದಾಗ ಅಪ್ಪನ ಜೊತೆ ಹೊಲ ಕಾಯಲು ಹೋದಾಗ ನೋಡಿದ್ದು, ಆಮೇಲೆ ಇಷ್ಟು ವರ್ಷ ತಲೆ ಎತ್ತಿ ನೋಡಿರಲೇ ಇಲ್ಲ.

ಎರಡು ತಿಂಗಳ ನಂತರ ಕಮಿಷನಿಂಗ್. ಫೀಡರ್ ಪಿಲ್ಲರ್‌ನಲ್ಲಿ ಬ್ರೇಕರ್ ಎತ್ತಿದವನು ನಾನೇ. ಸಾಲುದೀಪ ಫಳ್ ಅಂತ ಹತ್ತಿದವು, ಎಲ್ಲರೂ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಆಮೇಲೆ ಮೇಲೆ ನೋಡಿದೆ, ಏನೂ ಇರಲಿಲ್ಲ. ಕೆಲಸ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ರಸ್ತೆಯಲ್ಲಿ ರಾತ್ರಿ ಒಂಟೆ ಅಡ್ಡ ಬಂದು ಗಾಡಿ ಗುದ್ದಿದರೆ ಜೀವ ಹೋಗುತ್ತೆ, ದೀಪ ಬೇಕೇ ಬೇಕು. ಆದರೆ ಕಳೆದುಹೋದದ್ದನ್ನು ಒಂದು ಸಲ ಹಿಡಿದಿಟ್ಟುಕೊಳ್ಳಬೇಕು ಅಂತ ಮನಸ್ಸಿಗೆ ಬಂತು.

ಈಗ ಮೊದಲ ಪ್ರಶ್ನೆ. ಕ್ಯಾಮೆರಾ ಸೆಕೆಂಡ್ ಹ್ಯಾಂಡ್, ನಿಕಾನ್ ಡಿ 5300. ಅದರ ಜೊತೆ 18–55 ಲೆನ್ಸ್ ಇತ್ತು. 1,100 ದಿರ್ಹಾಮ್ ಕೊಟ್ಟೆ. 70–300 ಲೆನ್ಸ್ ಒಂದು ವರ್ಷ ಬಿಟ್ಟು ತಗೊಂಡೆ. ಟ್ರೈಪಾಡ್ 60 ದಿರ್ಹಾಮ್‌ದು. ಹಗುರ ಇದೆ, ಗಾಳಿಗೆ ಅಲ್ಲಾಡುತ್ತೆ ಅಂತ ಅದರ ನಡುವೆ ನೀರಿನ ಬಾಟಲಿ ತೂಗುಹಾಕ್ತೀನಿ. ಹೆಂಡತಿಗೆ 300 ದಿರ್ಹಾಮ್ ಅಂತ ಸುಳ್ಳು ಹೇಳಿದ್ದೆ. ಆರು ತಿಂಗಳಾದ ಮೇಲೆ ನಿಜ ಹೇಳಿದೆ. ಎರಡು ದಿನ ಫೋನ್ ಎತ್ತಲಿಲ್ಲ. ಆ ತಿಂಗಳು ಮನೆಗೆ ಹೋಗಬೇಕಾದ ದುಡ್ಡಿನಲ್ಲಿ ಕಡಿಮೆ ಆಗಿತ್ತು, ಸಿಟ್ಟು ಬರೋದು ನ್ಯಾಯವೇ. ಅದಕ್ಕೇ ಹೊಸದಾಗಿ ಶುರು ಮಾಡೋರಿಗೆ ಹೇಳೋದು: ದುಡ್ಡು ಹಾಕುವ ಮೊದಲು ಯಾರದ್ದಾದರೂ ಕ್ಯಾಮೆರಾ ಕೇಳಿ ಪಡೆದು ಒಂದು ರಾತ್ರಿ ಕೂತು ನೋಡಿ. ಮನಸ್ಸು ನಿಂತರೆ ತಗೊಳ್ಳಿ. ಈಗಿನ ಕೆಲವು ಮೊಬೈಲ್‌ಗಳಲ್ಲಿ ನೈಟ್ ಮೋಡ್ ಇರುತ್ತೆ, ಫೋನನ್ನು ಅಲ್ಲಾಡದ ಹಾಗೆ ಕಲ್ಲಿಗೆ ಒರಗಿಸಿಟ್ಟರೆ ಅದರಲ್ಲೂ ಚುಕ್ಕಿ ಬರುತ್ತವೆ.

ಮೊದಲ ರಾತ್ರಿ ಕ್ಯಾಮೆರಾ ತಗೊಂಡು ಹೋಗಿ 80 ಫೋಟೋ ಹೊಡೆದೆ, 80ಕ್ಕೆ 80 ಕಪ್ಪು. ಫ್ಲ್ಯಾಶ್ ಹಾಕಿದ್ದೆ! ಆಕಾಶಕ್ಕೆ ಫ್ಲ್ಯಾಶ್ ಹಾಕಿದ ಎಲೆಕ್ಟ್ರಿಷಿಯನ್ ಅಂತ ರೂಮಿನಲ್ಲಿ ಇವತ್ತಿಗೂ ನಗ್ತಾರೆ. ಆಮೇಲೆ ಒಂದೊಂದೇ ಕಲಿತೆ. ಸುಲಭವಾಗಿ ಹೇಳ್ತೀನಿ, ಬೇಕಾದವರು ಬರೆದುಕೊಳ್ಳಿ.

ಕ್ಯಾಮೆರಾವನ್ನು ಮ್ಯಾನ್ಯುವಲ್‌ಗೆ ಹಾಕಬೇಕು. ಅಪರ್ಚರ್ ಎಷ್ಟು ತೆರೆಯುತ್ತೋ ಅಷ್ಟು ತೆರೆಯಬೇಕು, ನನ್ನ ಲೆನ್ಸಿನಲ್ಲಿ ಎಫ್ 3.5. ಐಎಸ್‌ಒ 3200. ಇನ್ನು ಶಟರ್ ಎಷ್ಟು ಸೆಕೆಂಡ್ ತೆರೆದಿಡಬೇಕು? ಭೂಮಿ ತಿರುಗ್ತಾ ಇರುತ್ತೆ, ಗಂಟೆಗೆ 15 ಡಿಗ್ರಿ. ಜಾಸ್ತಿ ಹೊತ್ತು ತೆರೆದಿಟ್ಟರೆ ಚುಕ್ಕಿ ಗೆರೆಯಾಗಿಬಿಡುತ್ತೆ. ಅದಕ್ಕೆ ಒಂದು ಲೆಕ್ಕ ಇದೆ. ಲೆನ್ಸಿನ ಮಿಲಿಮೀಟರ್‌ಗೆ ನಿಮ್ಮ ಕ್ಯಾಮೆರಾದ ಕ್ರಾಪ್ ಸಂಖ್ಯೆಯಿಂದ ಗುಣಿಸಿ, 500ನ್ನು ಅದರಿಂದ ಭಾಗಿಸಿ. ನನ್ನದರಲ್ಲಿ 18ನ್ನು 1.5ರಿಂದ ಗುಣಿಸಿದರೆ 27. 500 ಭಾಗಿಸು 27, ಹೆಚ್ಚುಕಡಿಮೆ 18 ಸೆಕೆಂಡ್. ನಾನು 15ಕ್ಕೇ ನಿಲ್ಲಿಸ್ತೀನಿ. ಆಟೋಫೋಕಸ್ ಕತ್ತಲಲ್ಲಿ ಕೆಲಸ ಮಾಡಲ್ಲ. ಪರದೆಯಲ್ಲಿ ಒಂದು ದೊಡ್ಡ ಚುಕ್ಕಿಯನ್ನು ಝೂಮ್ ಮಾಡಿ, ಅದು ಸೂಜಿಮೊನೆಯಷ್ಟಾಗುವ ತನಕ ಕೈಯಿಂದಲೇ ರಿಂಗ್ ತಿರುಗಿಸಿ. ಕೈ ತಾಗಿ ಅಲ್ಲಾಡಬಾರದು ಅಂತ ಎರಡು ಸೆಕೆಂಡ್ ಟೈಮರ್ ಇಡಿ. ಎಸಿ ಗಾಡಿಯಿಂದ ತೆಗೆದ ಕೂಡಲೇ ಲೆನ್ಸಿಗೆ ಹಬೆ ಕೂರುತ್ತೆ, ಅರ್ಧ ಗಂಟೆ ಬ್ಯಾಗಿನಲ್ಲೇ ಬಿಡಿ. ಮರಳಲ್ಲಿ ನಿಂತು ಮಾತ್ರ ಲೆನ್ಸ್ ಬಿಚ್ಚಬೇಡಿ.

ಕಾಲ ಯಾವುದು? ಅಮಾವಾಸ್ಯೆ ಆಸುಪಾಸು. ನಾನು ಅಮಾವಾಸ್ಯೆ ರಾತ್ರಿ ಮಾತ್ರ ಹೊರಗೆ ಹೋಗೋದು ನೋಡಿ, ಇವನು ಮಾಟ ಕಲಿತಿದ್ದಾನೆ ಅಂತ ಕ್ಯಾಂಪಲ್ಲಿ ಸುದ್ದಿ ಹಬ್ಬಿತ್ತು. ಆಕಾಶಗಂಗೆಯ ದಟ್ಟ ಭಾಗ ವೃಶ್ಚಿಕ, ಧನು ರಾಶಿಗಳ ನಡುವೆ ಇದೆ, ನಮ್ಮ ಮೂಲಾ ನಕ್ಷತ್ರದ ಹತ್ತಿರ. ಮಾರ್ಚಿನಲ್ಲಿ ಅದು ಬೆಳಗಿನ ಜಾವ ಕಾಣುತ್ತೆ, ಮೇ ತಿಂಗಳಲ್ಲಿ ಮಧ್ಯರಾತ್ರಿ ಮೇಲೆ ಚೆನ್ನಾಗಿ ಎದ್ದಿರುತ್ತೆ, ಜುಲೈನಲ್ಲಿ ಕತ್ತಲಾದ ಮೇಲೆ ದಕ್ಷಿಣದ ಕಡೆ ಸಿಗುತ್ತೆ. ಅಕ್ಟೋಬರ್ ಹೊತ್ತಿಗೆ ಸಂಜೆಯೇ ಮುಳುಗಲು ತಯಾರಿ. ಜಾಗ ಅಂದರೆ ಅಲ್ ಐನ್ ಸೀಮೆಯ ಅಲ್ ಕುವಾ. ಆಕಾಶಗಂಗೆ ನೋಡಲೆಂದೇ ಜನ ಅಲ್ಲಿಗೆ ಬರ್ತಾರೆ. ಅಬುಧಾಬಿಯಿಂದ ಗಾಡಿಯಲ್ಲಿ ಎರಡು ಗಂಟೆಯೊಳಗೆ ಹೋಗಬಹುದು. ಅಲ್ಲಿಗೆ ಹೋದವರು ದಯವಿಟ್ಟು ಹೆಡ್‌ಲೈಟ್ ಆರಿಸಿ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು 20–30 ನಿಮಿಷ ಬೇಕು. ಒಬ್ಬರು ಒಂದು ಸಲ ಮೊಬೈಲ್ ಟಾರ್ಚ್ ಹಾಕಿದರೆ ಎಲ್ಲರದ್ದೂ ಮತ್ತೆ ಮೊದಲಿನಿಂದ. ನಾನು ಟಾರ್ಚಿಗೆ ಸಿಹಿ ಡಬ್ಬಿ ಮೇಲಿನ ಕೆಂಪು ಬಣ್ಣದ ಕಾಗದ ಕಟ್ಟಿಕೊಂಡಿದ್ದೇನೆ. ಕೆಂಪು ಬೆಳಕಿಗೆ ಕಣ್ಣು ಅಷ್ಟು ಕೆಡಲ್ಲ.

ಅಲ್ಲಿ ಒಂಟೆ ಕಾಯುವ ಸುಡಾನಿನ ಒಬ್ಬ ಚಾಚಾ ಪರಿಚಯ ಆದರು. ನನ್ನ ಹರಕು ಅರಬ್ಬಿ, ಅವರ ಹರಕು ಹಿಂದಿ, ಇಷ್ಟರಲ್ಲೇ ಮಾತು. ಆಕಾಶಗಂಗೆಗೆ ಅವರು ‘ದರ್ಬ್ ಅತ್ತಬ್ಬಾನ’ ಅಂದರು. ಅಂದರೆ ಹೊಟ್ಟು ಹೊತ್ತವರು ಹೋದ ದಾರಿ. ಸುಗ್ಗಿ ಮುಗಿದ ಮೇಲೆ ಕಣದಿಂದ ಹೊಟ್ಟಿನ ಬಂಡಿ ಹೋದರೆ ದಾರಿಯುದ್ದಕ್ಕೂ ಉದುರಿರುತ್ತಲ್ಲ, ಹಾಗೆ. ನಾವು ಗಂಗೆ ಅಂದೆವು, ಇವರು ಹೊಟ್ಟು ಅಂದರು. ನಮ್ಮೂರ ಕಣ ನೋಡಿದವನಿಗೆ ಹೊಟ್ಟು ಅನ್ನೋದೇ ಸರಿ ಅನ್ನಿಸುತ್ತೆ.

ಇನ್ನೊಂದು ಮಾತು ಅವರಿಂದ ಕಲಿತೆ. ಆಗಸ್ಟ್ ಕೊನೆಯ ವಾರ ಬೆಳಗಿನ ಜಾವ ದಕ್ಷಿಣದ ಅಂಚಿನಲ್ಲಿ ‘ಸುಹೈಲ್’ ಹುಟ್ಟುತ್ತೆ. ಅದು ಕಂಡರೆ ಸೆಕೆ ಇಳಿಯಲು ಶುರು ಅಂತ ಇಲ್ಲಿನವರ ಲೆಕ್ಕ. ಬೇಸಿಗೆಯ ಮಧ್ಯಾಹ್ನದ ಬಿಡುವು ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಅಂತ ನಾವು ಕ್ಯಾಲೆಂಡರ್ ನೋಡಿ ದಿನ ಎಣಿಸ್ತೀವಿ. ಅವರು ಚುಕ್ಕಿ ನೋಡಿ ಎಣಿಸ್ತಾರೆ. ಆ ಸುಹೈಲ್ ಯಾವುದು ಅಂತ ಹುಡುಕಿದರೆ ನಮ್ಮ ಅಗಸ್ತ್ಯ ನಕ್ಷತ್ರ! ರಾತ್ರಿ ಆಕಾಶದಲ್ಲಿ ಲುಬ್ಧಕ ಬಿಟ್ಟರೆ ಅತಿ ಹೆಚ್ಚು ಹೊಳೆಯುವ ನಕ್ಷತ್ರ ಅದೇ. ನಮ್ಮೂರಲ್ಲಿ ಅದು ಇಲ್ಲಿಗಿಂತ ಎತ್ತರಕ್ಕೆ ಏರುತ್ತೆ. ಧ್ರುವ ನಕ್ಷತ್ರ ಇದಕ್ಕೆ ಉಲ್ಟಾ. ಕೈ ಚಾಚಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಅಂದರೆ ಸುಮಾರು 10 ಡಿಗ್ರಿ. ರಾಣೇಬೆನ್ನೂರಿನಲ್ಲಿ ಧ್ರುವ ನೆಲದಿಂದ ಒಂದೂವರೆ ಮುಷ್ಟಿ ಮೇಲೆ, ಅಬುಧಾಬಿಯಲ್ಲಿ ಹೆಚ್ಚುಕಡಿಮೆ ಎರಡೂವರೆ ಮುಷ್ಟಿ. ಮನೆಯಿಂದ ಎಷ್ಟು ದೂರ ಬಂದಿದ್ದೀವಿ ಅಂತ ಕೈಯಲ್ಲೇ ಅಳೆಯಬಹುದು.

ಎರಡನೇ ಪ್ರಶ್ನೆ, ಭಯ. ಆಗುತ್ತೆ, ಆಗಲೇಬೇಕು. ಒಂದು ಫೆಬ್ರವರಿ ರಾತ್ರಿ ಡ್ರೈವರ್ ಅಣ್ಣ ಗಾಡಿಯಲ್ಲಿ ಮಲಗಿದ್ದರು. ನರಿಯ ಹೆಜ್ಜೆ ನೋಡಿಕೊಂಡು ನಾನು ಒಬ್ಬನೇ ನಡೆದೆ. ಇಲ್ಲಿನ ನರಿ ನಮ್ಮ ಕಡೆಯದಕ್ಕಿಂತ ಸಣಕಲು, ಕಿವಿ ಮಾತ್ರ ದೊಡ್ಡದು. ಒಂದು ದಿಬ್ಬ, ಇನ್ನೊಂದು ದಿಬ್ಬ, ಹೀಗೆ ಹೋಗಿ ಹಿಂದೆ ತಿರುಗಿದರೆ ಎಲ್ಲ ದಿಬ್ಬವೂ ಒಂದೇ ತರಹ. ಗಾಳಿ ಎದ್ದಿತ್ತು, ನನ್ನ ಹೆಜ್ಜೆಗಳೇ ಮುಚ್ಚಿಹೋಗಿದ್ದವು. ಫೋನ್ ಸಿಗ್ನಲ್ ಇಲ್ಲ. ಬಾಟಲಿಯಲ್ಲಿ ಎರಡು ಗುಟುಕು ನೀರು. ಗಂಟಲು ಒಣಗಿದ್ದು ಬಾಯಾರಿಕೆಗಲ್ಲ, ಹೆದರಿಕೆಗೆ. ಅಲ್ಲೇ ಕೂತೆ. ರಸ್ತೆ ಉತ್ತರಕ್ಕಿದೆ ಅನ್ನೋದು ಮಾತ್ರ ನೆನಪಿತ್ತು. ಸಪ್ತರ್ಷಿ ಮಂಡಲ ಎದ್ದಿತ್ತು. ಅದರ ಮುಂದಿನ ಎರಡು ಚುಕ್ಕಿಗೆ ಗೆರೆ ಎಳೆದು ಧ್ರುವ ಹಿಡಿದೆ. ಅದನ್ನು ಮೂಗಿನ ನೇರಕ್ಕೆ ಇಟ್ಟುಕೊಂಡು ಮುಕ್ಕಾಲು ಗಂಟೆ ನಡೆದೆ. ಕೊನೆಗೆ ಒಂದು ದಿಬ್ಬ ಹತ್ತಿದಾಗ ದೂರದಲ್ಲಿ ರಸ್ತೆಯ ಸಾಲುದೀಪ ಕಂಡವು. ಚುಕ್ಕಿ ಅಳಿಸಿದವು ಅಂತ ನಾನು ಬೈದುಕೊಂಡಿದ್ದೆನಲ್ಲ, ಅಂಥವೇ ದೀಪ. ಆ ರಾತ್ರಿ ಅವಕ್ಕೆ ಕೈ ಮುಗಿದೆ.

ಅವತ್ತಿನಿಂದ ನನ್ನ ನಿಯಮ ಇವು. ಒಬ್ಬನೇ ಹೋಗಲ್ಲ. ಎಲ್ಲಿಗೆ ಹೋಗ್ತೀನಿ, ಎಷ್ಟು ಹೊತ್ತಿಗೆ ಬರ್ತೀನಿ ಅಂತ ರೂಮಲ್ಲಿ ಬರೆದಿಟ್ಟು ಹೋಗ್ತೀನಿ. ಒಬ್ಬರಿಗೆ ಐದು ಲೀಟರ್ ನೀರು. ಫೋರ್ ವೀಲ್ ಗಾಡಿ ಎರಡು ಇಲ್ಲದೆ ರಸ್ತೆ ಬಿಟ್ಟು ಮರಳಿಗೆ ಇಳಿಯಲ್ಲ. ರಕ್ಷಿತ ಪ್ರದೇಶದ ಬೇಲಿ ದಾಟಲ್ಲ. ಮಿಲಿಟರಿ ಜಾಗ, ಎಣ್ಣೆ ಕಂಪನಿ ಜಾಗದ ಕಡೆ ಕ್ಯಾಮೆರಾ ತಿರುಗಿಸಲ್ಲ. ಅನುಮತಿ ಇಲ್ಲದೆ ಡ್ರೋನ್ ಹಾರಿಸುವ ಮಾತೇ ಇಲ್ಲ. ನಾವು ವೀಸಾ ಮೇಲೆ ಬಂದಿರೋರು. ಒಂದು ಫೋಟೋಗೆ ಅನ್ನ ಕಳೆದುಕೊಳ್ಳಬಾರದು.

ಪ್ರಾಣಿಗಳ ವಿಷಯಕ್ಕೆ ಬರ್ತೀನಿ. ಮರಳುಗಾಡು ಖಾಲಿ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಬೆಳಗ್ಗೆ ಗಾಳಿ ಏಳುವ ಮುಂಚೆ ಮರಳನ್ನು ನೋಡಿ. ರಾತ್ರಿ ಪಾಳಿಯ ಹಾಜರಿ ಪುಸ್ತಕ ಅದು. ಜೋಡಿ ಗುಳಿ ಬಿದ್ದು ಮಧ್ಯೆ ದೂರ ದೂರ ಜಾಗ ಇದ್ದರೆ ಜರ್ಬುವಾ, ಹಿಂಗಾಲಲ್ಲಿ ಕುಪ್ಪಳಿಸುವ ಇಲಿ. ದಾರ ಎಳೆದ ಹಾಗೆ ನೇರ ಸಾಲಿದ್ದರೆ ನರಿ. ಓರೆ ಓರೆಯಾಗಿ ತುಂಡು ತುಂಡು ಗೆರೆ ಇದ್ದರೆ ಕೊಂಬಿನ ಹಾವು, ಅಲ್ಲಿ ಕೈ ಊರಬೇಡಿ. ಅಂಗೈಯಷ್ಟಿರುವ ಒಂದು ಹಲ್ಲಿ ಇದೆ. ಹೆದರಿದರೆ ಮೈ ನಡುಗಿಸಿ, ನೋಡ್ತಾ ನೋಡ್ತಾ ಮರಳೊಳಗೆ ಇಳಿದುಬಿಡುತ್ತೆ, ಮೊಬೈಲ್ ವೈಬ್ರೇಟ್ ಆದ ಹಾಗೆ.

‘ಧಬ್’ ಅಂತ ಒಂದು ಇದೆ, ನಮ್ಮ ಉಡದ ತರಹ ದಪ್ಪ, ಬಾಲದ ತುಂಬ ಮುಳ್ಳು. ನೋಡಲು ಭಯ ಆಗುತ್ತೆ, ತಿನ್ನೋದು ಹೆಚ್ಚಾಗಿ ಸೊಪ್ಪುಸದೆ. ಬೆಳಗ್ಗೆ ಚಳಿಯಲ್ಲಿ ಮೈ ಕಪ್ಪು, ಬಿಸಿಲೇರಿದ ಹಾಗೆ ತಿಳಿಯಾಗುತ್ತೆ. ಇದರ ವಿಷಯದಲ್ಲಿ ಒಂದು ತಪ್ಪು ಮಾಡಿದೆ. ಒಂದು ಧಬ್‌ನ ಬಿಲದ ಮುಂದೆ ಮೂರು ರಜೆ ಕೂತು ಒಳ್ಳೆಯ ಫೋಟೋ ತೆಗೆದು ಗ್ರೂಪಿಗೆ ಹಾಕಿದೆ. ನನ್ನ ಕ್ಯಾಮೆರಾದಲ್ಲಿ ಜಿಪಿಎಸ್ ಇದೆ, ತೆಗೆದ ಜಾಗ ಫೋಟೋ ಒಳಗೇ ಕೂರುತ್ತೆ. ಅದು ಆನ್ ಆಗಿತ್ತು, ಮೂಲ ಫೈಲನ್ನೇ ಕಳಿಸಿದ್ದೆ. ಎರಡು ವಾರ ಬಿಟ್ಟು ಹೋದರೆ ಬಿಲದ ಬಾಯಿ ಅಗೆದಿತ್ತು, ಸುತ್ತ ಬೂಟಿನ ಗುರುತು. ಯಾರು ಅಂತ ಗೊತ್ತಿಲ್ಲ. ನನ್ನ ಫೋಟೋ ನೋಡಿಯೇ ಬಂದರೋ ಏನೋ, ಅದೂ ಗೊತ್ತಿಲ್ಲ. ಕಾಡುಪ್ರಾಣಿ ಹಿಡಿಯೋದು ಇಲ್ಲಿ ಅಪರಾಧ, ಆದರೂ ಹಿಡಿಯೋರು ಇದ್ದಾರೆ. ಅವತ್ತೇ ಜಿಪಿಎಸ್ ಆಫ್ ಮಾಡಿದೆ. ನೀವೂ ನಿಮ್ಮ ಮೊಬೈಲ್ ಕ್ಯಾಮೆರಾದ ಲೊಕೇಶನ್ ಒಂದು ಸಲ ನೋಡಿಕೊಳ್ಳಿ.

ದೊಡ್ಡ ಪ್ರಾಣಿ ಬೇಕಾದವರು ದುಬೈ ಕಡೆಯ ಅಲ್ ಕುದ್ರಾಗೆ ಹೋಗಿ. ಅದು ಅಲ್ ಮರ್ಮೂಮ್ ರಕ್ಷಿತ ಪ್ರದೇಶದಲ್ಲಿದೆ. ಬಿಳಿ ಮೈ, ಉದ್ದ ನೇರ ಕೊಂಬಿನ ಓರಿಕ್ಸ್ ರಸ್ತೆ ಪಕ್ಕದಲ್ಲೇ ನಿಂತಿರುತ್ತೆ. ಇಲ್ಲಿನವರು ‘ಮಹಾ’ ಅಂತಾರೆ. ಬೇಟೆಯಾಡಿ ಆಡಿ 1972ರಲ್ಲಿ ಕಾಡಿನಲ್ಲಿ ಒಂದೂ ಉಳಿಯದ ಹಾಗಾಗಿತ್ತು. ಅದಕ್ಕೆ ಹತ್ತು ವರ್ಷ ಮುಂಚೆಯೇ ಕೆಲವನ್ನು ಹಿಡಿದು, ಅಮೆರಿಕದ ಫೀನಿಕ್ಸ್ ಮೃಗಾಲಯದಲ್ಲಿಟ್ಟು ಮರಿ ಮಾಡಿಸಿದ್ದರು. ಆಮೇಲೆ 1982ರಲ್ಲಿ ಒಮಾನಿನ ಮರಳುಗಾಡಿಗೆ ಮತ್ತೆ ಬಿಟ್ಟರು. ಈ ದೇಶದಲ್ಲೂ ಸಾಕಿ ಬೆಳೆಸಿ ಬಿಟ್ಟಿದ್ದಾರೆ. ನನ್ನ ಫೋಟೋದಲ್ಲಿರೋದು ಹಾಗೆ ವಾಪಸ್ ಬಂದ ಸಂತಾನ.

ಫೋಟೋ ತೆಗೆಯುವ ಗುಟ್ಟು ಏನಿಲ್ಲ. ಗಾಡಿಯಿಂದ ಇಳಿಯಬಾರದು, ಗಾಡಿಗೆ ಅವು ಹೆದರಲ್ಲ, ಎರಡು ಕಾಲಿನ ಮನುಷ್ಯನಿಗೆ ಹೆದರ್ತವೆ. ಎಂಜಿನ್ ಆಫ್ ಮಾಡಿ, ಕಿಟಕಿ ಮೇಲೆ ಮಡಚಿದ ಟವೆಲ್ ಇಟ್ಟು ಅದರ ಮೇಲೆ ಲೆನ್ಸ್ ಇಡಿ. ಶಟರ್ ಸೆಕೆಂಡಿನ ಸಾವಿರದ ಒಂದು ಭಾಗ. ಸೂರ್ಯ ಹುಟ್ಟಿದ ಮೇಲೆ ಎರಡು ಗಂಟೆಯೊಳಗೆ ಮುಗಿಸಬೇಕು, ಆಮೇಲೆ ನೆಲದ ಝಳಕ್ಕೆ ಚಿತ್ರ ಅಲುಗುತ್ತೆ. ಅಟ್ಟಿಸಿಕೊಂಡು ಹೋಗಬಾರದು. ತಿನ್ನಲು ಹಾಕಿ ಕರೆಯಬಾರದು. ರಾತ್ರಿ ಪ್ರಾಣಿಗಳ ಕಣ್ಣಿಗೆ ಟಾರ್ಚ್, ಫ್ಲ್ಯಾಶ್ ಬಿಡಬಾರದು.

ಈಗ ಮೂರನೇ ಪ್ರಶ್ನೆ. ಇದರಿಂದ ನಿನಗೆ ಏನು ಬರುತ್ತೆ? ದುಡ್ಡು ಬಂದಿಲ್ಲ. ಏನು ಬಂತು ಅಂತ ಹೇಳಬೇಕಾದರೆ ಊರಿನ ಒಂದು ಸಂಗತಿ ಹೇಳಬೇಕು. ಇದನ್ನು ಇಷ್ಟು ಜನರ ಮುಂದೆ ಹೇಳ್ತಾ ಇರೋದು ಇದೇ ಮೊದಲು.

ನಮ್ಮ ತಾಲ್ಲೂಕಿನಲ್ಲಿ ಕೃಷ್ಣಮೃಗ ಜಾಸ್ತಿ. 1974ರಲ್ಲೇ ಅಭಯಾರಣ್ಯ ಆಗಿದೆ. ನಾವು ಚಿಗರಿ ಅಂತೀವಿ. ನೋಡೋಕೆ ಬಂದವರಿಗೆ ಚಂದ, ಗೋವಿನಜೋಳ ಬಿತ್ತಿದವನಿಗೆ ಅಲ್ಲ. ಐಟಿಐ ಮುಗಿಸಿ ಮನೆಯಲ್ಲಿದ್ದ ವರ್ಷ ಹಿಂಡು ಬಿದ್ದು ಅರ್ಧ ಹೊಲ ಹೋಯಿತು. ಅಪ್ಪ ಹೇಳಿದರು, “ರಾತ್ರಿಯೆಲ್ಲಾ ಕುಂತು ಕಾಯೋದು ನನ್ನ ಕೈಲಿ ಆಗಂಗಿಲ್ಲ. ಕಲ್ತೀಯಲ್ಲ, ಏನಾರ ಮಾಡು.” ನಾನು ಮಾಡಿದ್ದು ಏನು ಅಂದರೆ, ಪಂಪ್‌ಸೆಟ್ಟಿನ ಕರೆಂಟನ್ನೇ ಬೇಲಿ ತಂತಿಗೆ ಕೊಟ್ಟೆ. ಐಟಿಐಯಲ್ಲಿ ಮೊದಲ ತಿಂಗಳೇ ಕಲಿಸಿದ್ದರು, ಹಾಗೆ ಮಾಡಬಾರದು ಅಂತ. ಕಾನೂನಿನಲ್ಲೂ ತಪ್ಪು. ಗೊತ್ತಿದ್ದೇ ಮಾಡಿದೆ. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ಮಾಡಿದ ಮೊದಲ ಕೆಲಸ ಅದು.

ಎರಡನೇ ದಿನ ನಸುಕಿನಲ್ಲಿ ಹೋದಾಗ ಒಂದು ಹೆಣ್ಣು ಚಿಗರಿ ತಂತಿಗೆ ಅಂಟಿಕೊಂಡು ಸತ್ತಿತ್ತು. ಕೆಚ್ಚಲಲ್ಲಿ ಹಾಲಿತ್ತು. ಮರಿ ಎಲ್ಲಿತ್ತೋ ಗೊತ್ತಿಲ್ಲ, ಹುಡುಕಿದೆವು, ಸಿಗಲಿಲ್ಲ. ಸ್ವಲ್ಪ ಹೊತ್ತಿಗೆ ಅಪ್ಪ ನೀರು ಬಿಡಲು ಬರಿಗಾಲಲ್ಲಿ ಬಂದರು. ಬದುವಿನ ಮೇಲೆ ನಿಂತು ಒಂದು ಸಲ ಚಿಗರಿ ನೋಡಿದರು, ಒಂದು ಸಲ ನನ್ನನ್ನು ನೋಡಿದರು. “ದಿನಾ ಈ ಹೊತ್ತಿಗೆ ಈ ತಂತಿ ದಾಟಾಂವ ನಾನು” ಅಂದರು. ಇಷ್ಟೇ ಅಂದದ್ದು. ಇಬ್ಬರೂ ಸೇರಿ ತಂತಿ ಬಿಚ್ಚಿದೆವು. ಯಾರಿಗೂ ಹೇಳಲಿಲ್ಲ.

ಇಲ್ಲಿಗೆ ಬಂದಾಗ ಯಾರೋ ಹೇಳಿದರು, ಅಬುಧಾಬಿ ಅಂದರೆ ‘ಧಬಿಯ ತಂದೆ’, ಧಬಿ ಅಂದರೆ ಜಿಂಕೆ ಅಂತ. ಇಲ್ಲಿನ ಧಬಿ, ನಮ್ಮ ಚಿಗರಿ ಎರಡೂ ಒಂದೇ ಗುಂಪಿನವು, ದಾಯಾದಿಗಳು. ನಾನು ಬಂದು ಸೇರಿದ್ದೇ ಚಿಗರಿ ಹೆಸರಿನ ಊರಿಗೆ! ಆದರೂ ಎಷ್ಟೋ ವರ್ಷ ಅವನ್ನು ಹುಡುಕಿಕೊಂಡು ಹೋಗಲಿಲ್ಲ. ಚುಕ್ಕಿ ತೆಗೆಯೋದು ಸುಲಭ, ಅವು ನಮ್ಮನ್ನು ತಿರುಗಿ ನೋಡಲ್ಲ.

ಹೋದ ವರ್ಷ ಜನವರಿಯಲ್ಲಿ ಅಲ್ ಕುದ್ರಾ ಕಡೆ ಒಂದು ಘಾಫ್ ಮರದ ಹತ್ತಿರ ಗಾಡಿ ನಿಲ್ಲಿಸಿದ್ದೆವು. ಘಾಫ್ ಗೊತ್ತಲ್ಲ, ಈ ದೇಶದ ರಾಷ್ಟ್ರೀಯ ಮರ. ಅದು ಬೇರೆ ಯಾವುದೂ ಅಲ್ಲ, ನಮ್ಮ ಬನ್ನಿ ಮರ. ದಸರೆಗೆ ಎಲೆ ಕೊಟ್ಟು ಬಂಗಾರದಂಗ ಇರೋಣ ಅಂತೀವಲ್ಲ, ಅದೇ. ಅದರ ಕೆಳಗೆ ಒಂದು ಹೆಣ್ಣು ಧಬಿ, ಪಕ್ಕದಲ್ಲಿ ಮರಿ. ಸುಮಾರು 40 ಮೀಟರ್ ದೂರ. ಕ್ಯಾಮೆರಾ ಎತ್ತಿದೆ. ಅದು ತಲೆ ಎತ್ತಿ ನೇರ ಲೆನ್ಸಿನೊಳಗೆ ನೋಡಿತು. ನನಗೆ ಬಟನ್ ಒತ್ತಲು ಆಗಲಿಲ್ಲ. ಡ್ರೈವರ್ ಅಣ್ಣ “ಹೊಡಿ ಮಾರಾಯ, ಹೋಗ್ತದೆ” ಅಂತ ಪಿಸುಗುಟ್ಟಿದರು. ಅದು ಹೋಗಲಿಲ್ಲ. ಸ್ವಲ್ಪ ಹೊತ್ತು ನೋಡಿ ಮತ್ತೆ ಮೇಯತೊಡಗಿತು. ಮರಿ ಹಾಲು ಕುಡಿಯಲು ಬಗ್ಗಿತು. ಆಗ ಒತ್ತಿದೆ. ಬಾಗಿಲ ಹತ್ತಿರದ ಮೊದಲನೇ ಫೋಟೋ ಅದೇ. ಚೂರು ಶೇಕ್ ಆಗಿದೆ, ಕೈ ನಡುಗಿತ್ತು. ಸರಿಮಾಡಲು ಹೋಗಲಿಲ್ಲ.

ಆ ರಾತ್ರಿ ಅಪ್ಪನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ತಮ್ಮ ಫೋನ್ ಹಿಡಿದು ತೋರಿಸಿದನಂತೆ. ಅಪ್ಪ ಫೋನ್ ಮಾಡಿ, “ಅಲ್ಲೂ ಚಿಗರಿ ಅದಾವೇನು?” ಅಂದರು. ಅದಾವ ಅಂದೆ. “ನಿನ್ನ ನೋಡಿ ಓಡಲಿಲ್ಲೇನು?” ಅಂದರು. ಇಲ್ಲ ಅಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವರು ಮಳೆ ಮಾತು ತೆಗೆದರು.

ನನಗೆ ಬಂದದ್ದು ಅದು. ಅದಕ್ಕೆ ಎಷ್ಟು ದಿರ್ಹಾಮ್ ಅಂತ ನಾನು ಹೇಳಲಾರೆ.

ಇಲ್ಲಿ ಕೂತಿರೋರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಹೊಲ ಇರೋರು, ಅದಕ್ಕೆ ಒಂದು ಮಾತು, ಎಲೆಕ್ಟ್ರಿಷಿಯನ್ ಆಗಿ ಹೇಳ್ತೀನಿ. ಹಂದಿ ಬರುತ್ತೆ, ಚಿಗರಿ ಬರುತ್ತೆ ಅಂತ ಊರಿಂದ ಫೋನ್ ಬಂದಾಗ ಮನೆ ಕರೆಂಟನ್ನು ಬೇಲಿಗೆ ಕೊಡಲು ಬಿಡಬೇಡಿ. 230 ವೋಲ್ಟ್ ಬಿಡದೆ ಹರಿದರೆ ಸ್ನಾಯು ಬಿಗಿದು, ಹಿಡಿದ ಕೈ ಬಿಡಿಸಿಕೊಳ್ಳಲು ಆಗಲ್ಲ. ಪ್ರಾಣಿಗೂ ಅಷ್ಟೇ, ಅಪ್ಪನಿಗೂ ಅಷ್ಟೇ. ಸೋಲಾರ್ ಬೇಲಿ ಬೇರೆ. ಅದರ ಎನರ್ಜೈಸರ್ ಸುಮಾರು ಸೆಕೆಂಡಿಗೊಮ್ಮೆ, ರೆಪ್ಪೆ ಬಡಿಯೋದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಶಾಕ್ ಕೊಟ್ಟು ನಿಲ್ಲಿಸುತ್ತೆ. ಮುಟ್ಟಿದ್ದು ಬೆಚ್ಚಿ ಹಿಂದೆ ಹೋಗುತ್ತೆ, ಸಾಯಲ್ಲ. ಒಳ್ಳೆಯ ಕಂಪನಿಯದು, ಅರ್ತಿಂಗ್ ಸರಿ ಮಾಡಿ ಹಾಕಿಸಿ. ನಮ್ಮ ಹೊಲಕ್ಕೆ ನಾನು ಇಲ್ಲಿಂದ ಕಳಿಸಿದ ದುಡ್ಡಲ್ಲಿ ಹಾಕಿಸಿದ್ದು ಅದನ್ನೇ, ಕ್ಯಾಮೆರಾ ತಗೊಳ್ಳುವ ಮುಂಚೆ. ಊರಿನ ತೋಟದ ಮನೆಗೆ ಬಲ್ಬ್ ಹಾಕಿಸುವಾಗಲೂ ಮೇಲೆ ಒಂದು ತಗಡಿನ ಮುಚ್ಚಳ ಹಾಕಿಸಿ. ಬೆಳಕು ಅಂಗಳಕ್ಕೆ ಬೀಳಲಿ, ಆಕಾಶಕ್ಕೆ ಬೇಡ. ನಮ್ಮ ಮಕ್ಕಳು ಚುಕ್ಕಿ ನೋಡಲು ವೀಸಾ ಮಾಡಿಸಿಕೊಂಡು ಇಲ್ಲಿಗೆ ಬರುವ ಹಾಗೆ ಆಗಬಾರದು.

ಮುಂದಿನ ಅಮಾವಾಸ್ಯೆಗೆ ಹತ್ತಿರದ ಶನಿವಾರ ರಾತ್ರಿ ಅಲ್ ಕುವಾಗೆ ಹೋಗ್ತಾ ಇದ್ದೀವಿ. ಡ್ರೈವರ್ ಅಣ್ಣನ ಗಾಡಿಯಲ್ಲಿ ಮೂರು ಸೀಟು ಖಾಲಿ ಇದೆ. ಪೆಟ್ರೋಲ್ ಹಂಚಿಕೊಳ್ಳೋಣ. ಕ್ಯಾಮೆರಾ ಇಲ್ಲದಿದ್ದರೂ ನಡೆಯುತ್ತೆ. ನೀರು, ಒಂದು ಚಾದರ, ಹೊಟ್ಟೆಗೆ ಏನಾದರೂ ತನ್ನಿ. ಟಾರ್ಚ್ ಮಾತ್ರ ತರಬೇಡಿ, ಕೆಂಪು ಕಾಗದ ಕಟ್ಟಿದ್ದು ನನ್ನ ಹತ್ತಿರ ಇದೆ.